ಸಾಧನೆ ನಂಬರ್ ಏಳು: ಹಿರೇಹಳ್ಳದ ಸೇತುವೆ

“ಸಮುದ್ರ ಮೊದಲ ಈ ಅಬುಧಾಬಿದ ಖಾಲಿದಿಯಾ ಓಣಿ ಒಳಗ ಮೊಣಕಾಲಮಟ ನಿಂತಿತ್ತು. ಹಿಂದಕ ನೂಕಿದಾಂವ ನಾನ. ಒಬ್ಬನ! ಕೈಯಾಗ ಒಂದ ಸಲಿಕಿ. ಮಧ್ಯಾಹ್ನ ಊಟದ ಹೊತ್ತಿಗೆ ಕೆಲಸ ಖಲಾಸ್!”

“ಬೇವರ್ಸಿ! ಸಮುದ್ರ ಆಮೇಲೆ ನೂಕು. ಮೊದಲು ಸ್ಲ್ಯಾಬಿಗೆ ನೀರು ಬಿಡು ಮಾರಾಯ. ಗೋಣಿಚೀಲ ಎಲ್ಲ ಒಣಗಿ ಹಪ್ಪಳ ಆಯ್ತು!”

ಬೈದವನು ಮಂಗಳೂರಿನ ಫೋರ್‌ಮನ್ ಮಾರ್ಸೆಲ್. ಅವನ ಬೈಗುಳಕ್ಕೆ ಹಸಿ ಕಾಂಕ್ರೀಟು ಎರಡು ದಿನ ಮುಂಚೆಯೇ ಗಟ್ಟಿಯಾಗುತ್ತದೆಂದು ಅಬುಧಾಬಿಗೆಲ್ಲ ಹೆಸರಾಗಿತ್ತು. ಹಾಗೆಂದು ಹೆಸರು ಮಾಡಿದವನೂ ಸಮುದ್ರ ನೂಕಿದ ಮುರುಗೆಪ್ಪನೇ. ಪೈಪು ಹಿಡಿದು ಆರನೇ ಮಹಡಿಯ ಸ್ಲ್ಯಾಬಿಗೆ ನೀರು ಬಿಡುತ್ತಿದ್ದ ಮುರುಗೆಪ್ಪ ಬಗ್ಗಿ ನೋಡಿದ. ಕೆಳಗೆ ಬಿಳಿ ಕಾರು ನಿಂತಿತ್ತು. ಕಾರಿನೊಳಗೆ ಕಂಪನಿಯ ಧಣಿ ಮೋಹನದಾಸ್. ಧಣಿ ಕಾರಿನಿಂದ ಇಳಿದರೆ ಒಬ್ಬನ ಕೆಲಸ ಹೋಗುತ್ತದೆ, ಇಳಿಯದೆ ಕರೆದರೆ ಏನೋ ಬೇಕಾಗಿದೆ ಎಂದರ್ಥ. ಇಳಿದಿರಲಿಲ್ಲ.

“ನೋಡು ಮುರುಗೆಪ್ಪ, ನಿನ್ನ ಕೈಯಿಂದ ನನಗೆ ಮೂರು ಕಾಸಿನ ಪ್ರಯೋಜನ ಇಲ್ಲ. ನಿನ್ನ ಬಾಯಿ ಬೇಕು” ಎಂದರು ಮೋಹನದಾಸ್, ಕಿಟಕಿಯ ಗಾಜನ್ನು ನಾಲ್ಕು ಬೆರಳಷ್ಟೇ ಇಳಿಸಿ. “ಶುಕ್ರವಾರ ಜಯಪಾಲ ಸಾಹುಕಾರ್ರು ಬರ್ತಾರೆ. ಎರಡು ಸಲ ಎಮ್ಮೆಲ್ಲೆ ಆದವರು, ಈಗ ಲೋಕಸಭೆಗೆ ನಿಂತಿದ್ದಾರೆ. ನೀನು ಅವರ ಕ್ಷೇತ್ರದವ. ಸ್ಟೇಜಿಗೆ ಹತ್ತಿ ಅವರು ಮಾಡಿದ ಕೆಲಸ ಹೇಳಬೇಕು. ಎರಡೇ ನಿಮಿಷ. ವಿಡಿಯೋ ತೆಗೆದು ಊರಿನ ಕೇಬಲ್ ಟಿವಿಗೆ ಹಾಕ್ತಾರೆ.”

ಕಿಟಕಿಯ ಸಂದಿಯಿಂದ ಬಣ್ಣದ ಪುಸ್ತಕವೊಂದು ಹೊರಬಂತು. ‘ಹತ್ತು ವರ್ಷ, ಹನ್ನೊಂದು ಸಾಧನೆ’.

“ಏಳನೇದು ನಿಮ್ಮೂರಿನ ಸೇತುವೆ. ಅದನ್ನು ಒತ್ತಿ ಹೇಳು.”

“ನನ್ನ ರಜಾ, ಧಣ್ಯಾರ?”

“ಸರಿಯಾಗಿ ಹೇಳಿದರೆ ಶನಿವಾರ ಪಾಸ್‌ಪೋರ್ಟ್ ನಿನ್ನ ಕೈಯಲ್ಲಿ. ಬಾಯಿ ಜಾರಿತೋ, ಇನ್ನೆರಡು ವರ್ಷ ರಜೆಯ ಸುದ್ದಿ ಎತ್ತಬೇಡ.”

ಗಾಜು ಮೇಲೇರಿತು. ನಾಲ್ಕು ವರ್ಷದಿಂದ ಪಾಸ್‌ಪೋರ್ಟು ಧಣಿಯ ಕಪಾಟಿನಲ್ಲಿತ್ತು. ಮುರುಗೆಪ್ಪ ಬಂದ ಆರು ತಿಂಗಳಿಗೆ ಹುಟ್ಟಿದ ಮಗಳು ಸೌಂದರ್ಯಾ ಅವನನ್ನು ಕಂಡಿಲ್ಲ. ಊರಿನ ಎಸ್‌ಟಿಡಿ ಬೂತಿನಲ್ಲಿ ಗೋಡೆಗೆ ಜೋತುಬಿದ್ದ ಕರಿ ಫೋನಿಗೇ ಅದು ಅಪ್ಪ ಎನ್ನುತ್ತಿತ್ತು. ಬೂತಿನ ಮುಂದೆ ಹಾಯ್ದಾಗಲೆಲ್ಲ ಫೋನಿಗೆ ಕೈಮುಗಿಯುತ್ತದಂತೆ. ಈ ಒಂದು ಸಂಗತಿಗೆ ಮಾತ್ರ ಮುರುಗೆಪ್ಪ ಉಪ್ಪುಖಾರ ಹಚ್ಚಿ ಹೇಳಿದ್ದಿಲ್ಲ.

ಮುಸಾಫಾದ ಕಾರ್ಮಿಕರ ಕ್ಯಾಂಪಿನಲ್ಲಿ ಸಾಹುಕಾರನ ಕ್ಷೇತ್ರದವರು ಹದಿನೇಳು ಜನರಿದ್ದರು. ಅವತ್ತು ಸಂಜೆ ಪುಸ್ತಕ ಬಂಕಿನ ಮೇಲೆ ಬಿದ್ದದ್ದೇ ತಡ, ತಪಾಸಣೆ ಶುರುವಾಯಿತು. ಸೈಟಿನಲ್ಲಿ ಒಂದು ಪದ್ಧತಿ. ಕಾಂಕ್ರೀಟ್ ಹಾಕುವ ಮುಂಚೆ ಕನ್ಸಲ್ಟಂಟಿನ ಎಂಜಿನಿಯರ್ ಬಂದು ಕಂಬಿ, ಹಲಗೆ, ಮೊಳೆಗಳನ್ನೆಲ್ಲ ಮುಟ್ಟಿ ನೋಡುತ್ತಾನೆ. ತಪ್ಪು ಕಂಡಲ್ಲಿ ಕೆಂಪು ಚಾಕ್‌ಪೀಸಿನ ಗೀಟು. ಗೀಟು ಅಳಿಯುವತನಕ ಹಿಡಿಗಾತ್ರ ಕಾಂಕ್ರೀಟೂ ಬೀಳುವಂತಿಲ್ಲ. ಹದಿನೇಳು ಜನ ಬರಿಗೈಲಿ ಆ ಗೀಟುಗಳನ್ನು ಒರೆಸಿ ಒರೆಸಿ ಎಂಜಿನಿಯರಿಂಗ್ ಪಾಸಾದವರೇ. ಮುರುಗೆಪ್ಪ ಕಿವಿಯ ಸಂದಿಯಿಂದ ಚಾಕ್‌ಪೀಸು ತೆಗೆದ.

“ಸಾಧನೆ ಒಂದು” ಎಂದು ಓದತೊಡಗಿದ ಎಡ್ವರ್ಡ್. ಅವನು ಉಡುಪಿ ಕಡೆಯ ಬಡಗಿ, ಅದೇ ರೂಮಿನವ, ಸ್ಪಷ್ಟವಾಗಿ ಓದಬಲ್ಲವ. “ಹೆಣ್ಣುಮಕ್ಕಳ ಹಾಸ್ಟೆಲ್.”

“ಐತಿ. ಒಳಗ ಸಾಹುಕಾರನ ಎಮ್ಮಿ ಅದಾವು” ಎಂದ ಮೇಲಿನ ಬಂಕಿನವನು.

“ಎಮ್ಮಿ ಹೆಣ್ಣಲ್ಲೇನಲೇ? ಪಾಸ್!” ಎಂದ ಮುರುಗೆಪ್ಪ. ರೂಮು ನಕ್ಕು ಏಸಿಯೇ ಬಿಕ್ಕಿತು.

ಆಸ್ಪತ್ರೆಗೆ ಗೀಟು ಬಿತ್ತು, ಅಲ್ಲಿ ಬೀಗ ಮಾತ್ರ ಹಾಜರಿತ್ತು. ನೀರಿನ ಟಾಕಿಗೆ ಎರಡು ಗೀಟು. ಏಳನೇ ಪುಟದಲ್ಲಿ ಐದು ಕಮಾನಿನ ಸೇತುವೆ, ಅದರ ಮೇಲೆ ಸಾಹುಕಾರನ ಮುಖ. ಚಾಕ್‌ಪೀಸು ನಿಂತುಬಿಟ್ಟಿತು.

“ನಿಮ್ಮೂರಲ್ಲಿ ಇದು ಉಂಟಾ?” ಎಂದ ಎಡ್ವರ್ಡ್.

“ಹಳ್ಳ ಐತಿ.”

“ನೋಡು ಮಾರಾಯ, ಉಂಟು ಅಂದರೆ ನಿನ್ನ ಗಂಟೇನು ಹೋಗ್ತದೆ? ದಿನಾ ನೂರು ಸುಳ್ಳು ಬಿಡ್ತೀಯ, ಅದರಲ್ಲಿ ಇದೊಂದು. ಮಗುವಿನ ಮುಖ ನೋಡಿ ಬಾ.”

ಮುರುಗೆಪ್ಪ ಆ ಪುಟಕ್ಕೆ ಗೀಟು ಹಾಕಲಿಲ್ಲ.

ಶುಕ್ರವಾರ ಎಲೆಕ್ಟ್ರಾ ಸ್ಟ್ರೀಟಿನ ಹೋಟೆಲಿಗೆ ಕಂಪನಿ ಬಸ್ಸು ಹದಿನೇಳು ಜನರನ್ನೂ ಜೊತೆಗೆ ಎಡ್ವರ್ಡನನ್ನೂ ಸುರಿಯಿತು. ಬಾಗಿಲಲ್ಲಿ ಒಬ್ಬ ಸೆಂಟಿನ ಬಾಟಲಿ ಹಿಡಿದು ನಿಂತಿದ್ದ. ಕಾರಿನಲ್ಲಿ ಬಂದವರಿಗೆ ಪನ್ನೀರು, ಬಸ್ಸಿನಲ್ಲಿ ಬಂದವರ ಕಂಕುಳಿಗೆ ಸೆಂಟು. ಜಾತ್ರೆಯ ಕುರಿಗಳ ಹಾಗೆ ಕೈ ಎತ್ತಿಕೊಂಡೇ ಅವರು ಒಳಗೆ ಹೋದರು. ಹಿಂದಿನ ಸಾಲು ಅವರಿಗೆ. ಚಪ್ಪಾಳೆ ಅವರ ಕೆಲಸ, ಊಟ ಕುಟುಂಬ ಸಮೇತ ಬಂದವರದು ಮುಗಿದ ಮೇಲೆ.

“ಮಮ್ಮೀ, ದೇ ಸ್ಮೆಲ್” ಎಂದಿತು ಒಂದು ಮಗು.

“ಶ್! ಅವರೆಲ್ಲ ಅಂಕಲ್‌ನ ವೋಟರ್ಸು” ಎಂದರು ಮೋಹನದಾಸರ ಹೆಂಡತಿ ಲೋಲಾಕ್ಷಿ, ಸೆರಗಿನಿಂದ ಮೂಗು ಮುಚ್ಚಿಕೊಂಡು.

ಜಯಪಾಲ ಸಾಹುಕಾರ ಬಿಳಿ ಜುಬ್ಬಾದಲ್ಲಿ ಗುಲಾಬಿ ಹಾರ ಹಾಕಿಕೊಂಡು ಕೂತಿದ್ದ. ಮುರುಗೆಪ್ಪನ ಹೆಸರು ಕರೆದರು. ಅವನು ಮೈಕ್ ಹಿಡಿದ. ಅವನ ಲೆಕ್ಕಕ್ಕೆ ಎಂಟು ಸಾವಿರ ಜನ ಉಸಿರು ಬಿಗಿಹಿಡಿದರು. ಕುರ್ಚಿ ಎಣಿಸಿದರೆ ಇನ್ನೂರು.

“ನಮ್ಮೂರ ಸೇತುವಿ ಹೆಂಥಾದ್ದು ಅಂತೀರಿ! ಅಂಥಾ ಸೇತುವಿ ದುಬೈದಾಗೂ ಇಲ್ಲ. ಮ್ಯಾಲ ನಡದರ ಕಾಲಿಗೆ ಹತ್ತೂದಿಲ್ಲ. ಬಿಸಲಾಗ ನೆರಳ ಬೀಳೂದಿಲ್ಲ. ಎಂಥಾ ಮಹಾಪೂರ ಬಂದ್ರೂ ಅದರದೊಂದು ಕಲ್ಲ ಅಲಗೂದಿಲ್ಲ!”

ಸಾಹುಕಾರ ತಲೆದೂಗಿದ. ಹಿಂದಿನ ಸಾಲಿನಲ್ಲಿ ಯಾರೋ ನಗೆ ತಡೆಯಲಾರದೆ ಕೆಮ್ಮಿದರು. ಅಷ್ಟಕ್ಕೇ ಇಳಿದಿದ್ದರೆ ಶನಿವಾರ ಪಾಸ್‌ಪೋರ್ಟು ಕೈಗೆ ಬರುತ್ತಿತ್ತು. ಆದರೆ ಮುರುಗೆಪ್ಪನ ಬಾಯಿಗೆ ಬ್ರೇಕಿದ್ದರೆ ಅವನು ಮುರುಗೆಪ್ಪ ಹೇಗಾದಾನು? ಅವನು ಪುಸ್ತಕ ಬಿಚ್ಚಿ ಏಳನೇ ಪುಟವನ್ನು ಎಲ್ಲರಿಗೂ ತೋರಿಸಿದ.

“ಈ ಫೋಟೋದಾಗಿನ ಸೇತುವಿ ಕಟ್ಟಿದಾಂವ ನಾನ ರೀ! ಇಲ್ಲೇ ಅಬುಧಾಬಿದಾಗ, ಮೋಹನದಾಸ್ ಧಣ್ಯಾರ ಕಂಪನಿಗೆ! ಐದೂ ಕಮಾನು ನನ್ನ ಕೈಲೆ ಎದ್ದಾವು!”

“ಥೂ, ಬೋಳೀಮಗನ!” ಸಾಹುಕಾರ ಎದ್ದುನಿಂತ. “ಸುಳ್ಳ ಬೊಗಳ್ತಾನ! ಅದು ಇಲ್ಲೀದ ಅಲ್ಲ. ಮಹಾರಾಷ್ಟ್ರದಾಗಿನ ಸೇತುವಿ ಅದು! ಫೋಟೋ ತಗಸಿದಾಂವ ನಾನ!”

ಹೇಳಿದ ಮೇಲೆ ತಾನು ಹೇಳಿದ್ದು ಸಾಹುಕಾರನಿಗೆ ಕೇಳಿಸಿತು. ಸಭೆಗೂ ಕೇಳಿಸಿತು. ವಿಡಿಯೋದವನು ಕ್ಯಾಮೆರಾ ಇಳಿಸಲೋ ಬೇಡವೋ ಎಂದು ಮೋಹನದಾಸರ ಮುಖ ನೋಡಿದ. ಹಿಂದಿನ ಸಾಲಿನ ಹದಿನಾರು ಜನ ಎಡ್ವರ್ಡನೊಡನೆ ಎದ್ದು, ಬಂದಾಗಿನಿಂದ ಕೂಡಿಟ್ಟ ಚಪ್ಪಾಳೆಯನ್ನೆಲ್ಲ ಒಂದೇ ಸಲಕ್ಕೆ ಬಡಿದರು.

“ಇಳಿ ಕೆಳಗೆ!” ಎಂದರು ಮೋಹನದಾಸ್. “ನಿನ್ನ ರಜೆ ಮಾಫಿ, ಇಲ್ಲವೇ ಇಲ್ಲ!”

ಸಾಹುಕಾರ ಆಗಲೇ ಮೈಕ್ ಕಿತ್ತುಕೊಂಡಿದ್ದ. “ಇವಂಗ ನಿಯತ್ತ ಇಲ್ರೀ! ನನ್ನ ಶಿಫಾರಸ ಚೀಟಿ ಮ್ಯಾಲ ವೀಸಾ ತಗೊಂಡ ಬಂದಾಂವ ಇಂವ! ಒಂದು ಪೈ ಇಸಕೊಂಡಿಲ್ಲ ನಾ. ನಾ ಏನೂ ಮಾಡಿಲ್ಲಂದ್ರ ನೀ ಇಲ್ಲಿ ಹೆಂಗ ಬಂದೀಲೇ ಹಲ್ಕಟ್?”

ಚಪ್ಪಾಳೆ ನಿಂತಿತು. ಹಿಂದಿನ ಸಾಲಿನವರೆಲ್ಲ ಹೊಲ, ಎಮ್ಮೆ, ತಾಳಿ ಮಾರಿ ಏಜೆಂಟನ ಬಾಯಿಗೆ ಹಾಕಿ ಬಂದವರು.

“ಹೌದಾ ಮುರುಗೆಪ್ಪ?” ಎಡ್ವರ್ಡ್ ಅಲ್ಲಿಂದಲೇ ಕೇಳಿದ. “ಕಂಪನಿಯವರೇ ಕಾಗದ ಬರೆದು, ಕೈಮುಗಿದು ನಿನ್ನನ್ನು ಕರೆಸಿಕೊಂಡದ್ದು ಅಂತಿದ್ದೆಯಲ್ಲ? ಇವನ ಚೀಟಿಯಾ?”

ಧಣಿಯ ಮುಖ, ಸಾಹುಕಾರನ ಮುಖ ಮುರುಗೆಪ್ಪನಿಗೆ ಲೆಕ್ಕಕ್ಕಿರಲಿಲ್ಲ. ಅವನು ಹಿಂದಿನ ಸಾಲಿನ ಮುಖಗಳನ್ನೇ ನೋಡಿದ. ಒಂದು ಸುಳ್ಳು ಬೇಕಿತ್ತು, ಚಿಕ್ಕದಾದರೂ ಸಾಕಿತ್ತು. ಬರಲಿಲ್ಲ. ಮೈಕಿಲ್ಲದೆಯೇ ಮಾತಾಡಿದ.

“ಹೌದೋ ಎಡ್ವರ್ಡಾ. ಇವರದ ಚೀಟಿ. ಸೇತುವಿ ನಾ ಕಟ್ಟಿಲ್ಲ, ಕಟ್ಟಾಕ ಬರೂದೂ ಇಲ್ಲ. ಹಿಂದಿನ ಇಲೆಕ್ಷನ್‌ದಾಗ ಇವರ ಮಂದಿ ಏಳು ಹೆಸರ ಬರಕೊಟ್ರು. ಎಲ್ಲಾರೂ ಸತ್ತವರು. ಪಪ್ಪಾಯಿ ಹಾಲು ಹಚ್ಚಿ ಬೆರಳಿನ ಮಸಿ ತಿಕ್ಕಿ, ಏಳೂ ಬೂತಿಗೆ ಹೋಗಿ ಇವರ ಗುರುತಿಗೆ ಮುದ್ರಿ ಒತ್ತೀನಿ. ಅದರ ಕೂಲಿ ಈ ವೀಸಾ.”

“ಮೈಕ್ ಬಂದ್ ಮಾಡ್ರೋ! ಕ್ಯಾಮೆರಾ ಬಂದ್ ಮಾಡ್ರೋ!” ಎಂದು ಸಾಹುಕಾರ ಮೈಕಿನಲ್ಲೇ ಕೂಗಿದ. ಇಬ್ಬರು ಬಂದು ಮುರುಗೆಪ್ಪನ ರಟ್ಟೆ ಹಿಡಿದರು. ಅವನು ಕೊಸರಾಡಲಿಲ್ಲ.

“ಏಳನೇ ಹೆಸರು ನಮ್ಮಪ್ಪಂದು. ಹಿರೇಹಳ್ಳ ತುಂಬಿ ಬಂದಾಗ ದಾಟಾಕ ಹೋಗಿ ಹರಕೊಂಡ ಹೋದಾಂವ. ಸೇತುವಿ ಕಟ್ಟತೀನಿ ಅಂದ ಈ ಮನಶ್ಯಾಗ ನಮ್ಮಪ್ಪನ ಓಟು ನಾನ ಹಾಕೀನಿ. ಬೂತಿನ ಮಾಸ್ತರ ನನ್ನ ಮಾರಿ ನೋಡಿ ಹೆಸರೇನು ಅಂದ. ಅಪ್ಪನ ಹೆಸರ ಹೇಳಿದೆ. ಹುಟ್ಟಿದಾಗಿಂದ ಇಷ್ಟು ಸುಳ್ಳ ಹೇಳೀನಿ, ಅದೊಂದಕ್ಕ ಯಾರೂ ನಗಲಿಲ್ಲ ನೋಡು.”