ಜೀಪು ನುಂಗಿದ ಪೆಟ್ಟಿಗೆ

ಚಟ್ಟಕ್ಕೆ ಹೆಗಲು ಕೊಡಲು ನಾಲ್ವರು ಬಗ್ಗಿದ್ದರಷ್ಟೆ. ಆರೋಗ್ಯ ಕೇಂದ್ರದ ಗುಮಾಸ್ತ ಏದುಸಿರು ಬಿಡುತ್ತ ಅಂಗಳಕ್ಕೆ ನುಗ್ಗಿ, ಸತ್ತವನ ಹೆಂಡತಿಯ ಮುಂದೆ ಕೈಜೋಡಿಸಿದ.

"ಅತ್ತಿಗೆ, ಕೇಂದ್ರದ ಮುಂದಿನ ರಸ್ತೆ ಬೇಡ. ಹಿಂದುಗಡೆ ಗದ್ದೆ ಬದುವಿನ ಮೇಲೆ ಹೋಗಿಬಿಡಿ."

"ಯಾಕೆ? ರಸ್ತೆ ನಿಮ್ಮಪ್ಪಂದಾ?"

"ದುಡ್ಡು ಕೊಟ್ಟ ಸಂಸ್ಥೆಯವರು ಇವತ್ತೇ ಬರ್ತಿದ್ದಾರೆ. ಪರದೆ ಡಾಕ್ಟ್ರಿಂದ ಜನಕ್ಕೆ ಎಷ್ಟು ಉಪಯೋಗ ಅಂತ ನೋಡ್ತಾರಂತೆ. ಮೆಚ್ಚಿಕೊಂಡ್ರೆ ಸುತ್ತಲ ಊರಿಗೆಲ್ಲ ಹಾಕಿಸ್ತಾರೆ. ಅವರ ಕಣ್ಣೆದುರಿಗೇ ಹೆಣ ಹೋದ್ರೆ..."

"ಆ ಊರುಗಳ ಜೀಪೂ ಮಾರ್ತಾರೇನು?"

ಗುಮಾಸ್ತ ನೆಲ ನೋಡಿದ. "ನನ್ನ ಕೆಲಸಾನೂ ಅದರ ಮೇಲೇ ನಿಂತಿದೆ ಅತ್ತಿಗೆ."

"ನಮ್ಮಣ್ಣನ ಪಕ್ಕದ ಸೀಟಲ್ಲಿ ಕಾಲ ಮೇಲೆ ಕಾಲು ಹಾಕ್ಕೊಂಡು ಮೆರೆದೋನು," ಎಂದಳು ನಾದಿನಿ, "ಈಗ ಅವನಿಗೇ ಕಳ್ಳದಾರಿ ತೋರಿಸೋಕೆ ಬಂದ ನೋಡು!"

*

ಕೇಂದ್ರದ ಜೀಪು ಓಡಿಸುತ್ತಿದ್ದಷ್ಟು ಕಾಲ ಅವಳ ಗಂಡ ಮನೆಯಲ್ಲಿ ನೆಟ್ಟಗೆ ಕೂತು ಉಂಡವನಲ್ಲ. ಕೀಲಿಕೈಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೈ ತೊಳೆಯುತ್ತಿದ್ದ. ಬಸುರಿಯರನ್ನು ಕೂರಿಸಿಕೊಂಡು ಹೊರಟರೆ ಹಾದಿಯ ಗುಂಡಿಗಳಿಗೆಲ್ಲ ಬೈಗುಳ. ಹಿಂದಿನ ಸೀಟಿನಲ್ಲೇ ಹೆರಿಗೆಯಾದರೆ ಗೊಣಗುತ್ತ ತಾನೇ ತೊಳೆಯುತ್ತಿದ್ದ. ಆಮೇಲೆ ಆ ಮಗು ಎಲ್ಲಿ ಕಂಡರೂ "ನನ್ನ ಸೀಟು ಹಾಳು ಮಾಡಿದೋನು ಇವನೇ" ಎಂದು ಕಿವಿ ಹಿಂಡುತ್ತಿದ್ದ.

ಡೀಸೆಲ್ಲು, ರಿಪೇರಿ ಎಲ್ಲ ದಂಡವೆಂದು ಜೀಪು ಮಾರಿ, ದೂರದೂರಿನ ಡಾಕ್ಟರು ಕಾಣಿಸಿಕೊಂಡು ಮಾತಾಡುವ ಪರದೆ ತಂದು ಗೋಡೆಗೆ ಹಾಕಿದರು. ಅವನ ಕೈಗೊಂದು ಬಟ್ಟೆ ಕೊಟ್ಟು ಅದರ ಧೂಳು ಒರೆಸಲು ಕೂರಿಸಿದರು.

ನಿನ್ನೆ ಮಧ್ಯಾಹ್ನ ಒರೆಸುತ್ತಿದ್ದವನೇ ಎದೆ ಹಿಡಿದುಕೊಂಡು ಕುಸಿದ. ಹೆಂಡತಿ ಓಡಿಬರುವಷ್ಟರಲ್ಲಿ ಗುಮಾಸ್ತ ಅವನ ಎದೆಗೆ ವೈರು ಅಂಟಿಸಿದ್ದ. ಪರದೆಯೊಳಗಿನ ಡಾಕ್ಟರಮ್ಮ ಕ್ಷಣದಲ್ಲೇ ಹೇಳಿದಳು: "ಹಾರ್ಟ್ ಅಟ್ಯಾಕ್. ತಡ ಮಾಡಬೇಡಿ, ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ."

"ಯಾವುದರಲ್ಲಿ ತಾಯಿ?" ಎಂದಳು ಹೆಂಡತಿ.

"ಕೇಂದ್ರದಲ್ಲಿ ಜೀಪ್ ಇರುತ್ತಲ್ಲ. ಡ್ರೈವರನ್ನ ಕರೀರಿ."

ನೆಲದ ಮೇಲೆ ಬೆವರಿನಲ್ಲಿ ತೊಯ್ದು ಮಲಗಿದ್ದವನು ನಕ್ಕುಬಿಟ್ಟ. "ನಾನೇ ಮೇಡಂ ಡ್ರೈವರು. ಜೀಪನ್ನ ನೀವು ಕೂತಿರೋ ಪೆಟ್ಟಿಗೆ ನುಂಗ್ತು."

ಇಟ್ಟಿಗೆ ಟ್ರ್ಯಾಕ್ಟರು ಸಿಕ್ಕಿತು. ದಾರಿ ಅರ್ಧ ಸವೆಯುವುದರೊಳಗೆ ಅವನು ಗುಂಡಿಗಳಿಗೆ ಬೈಯುವುದನ್ನು ನಿಲ್ಲಿಸಿದ. ಅತ್ತ ಗುಮಾಸ್ತ, ಪರದೆಯ ಮೇಲೆ ಮೂಡಿದ ಪ್ರಶ್ನೆಗೆ ಉತ್ತರ ಒತ್ತಿದ್ದ: ರೋಗ ಗುರುತಿಸಲಾಗಿದೆ, ಯಶಸ್ವಿ.

*

"ಎತ್ತಿ," ಎಂದಳು ಹೆಂಡತಿ. "ಅವನು ಓಡಿಸಿದ ರಸ್ತೆ ಮೇಲೇ ನಡೀರಿ."

ಕಾಲುವೆ ಏರಿಯ ಮೇಲೆ ರಸ್ತೆ ಒಂದೇ ಗಾಡಿಯಷ್ಟು ಅಗಲ. ಅಲ್ಲೇ ಎದುರಿಗೆ, ಕೇಂದ್ರ ನೋಡಿಕೊಂಡು ಊರ ಜನರನ್ನು ಕೇಳಲು ಹೊರಟಿದ್ದ ಬಿಳಿ ಕಾರು ಬಂತು; ಒಂದು ಸಲ ಹಾರನ್ ಹೊಡೆದು ನಿಂತಿತು. ಹೆಗಲು ಕೊಟ್ಟವರು ಅಂಚಿಗೆ ಸರಿಯತೊಡಗಿದರು.

"ಸರೀಬೇಡಿ!" ಅವಳ ಕೂಗಿಗೆ ಅವರ ಹೆಜ್ಜೆ ನಿಂತಿತು.

ಹಿಂದಿನ ಗಾಜು ಇಳಿಯಿತು. ಸಂಸ್ಥೆಯಿಂದ ಬಂದ ಹೆಂಗಸು ಮೆಲ್ಲಗೆ ಕೇಳಿದಳು: "ಪಾಪ, ಏನಾಗಿತ್ತಮ್ಮಾ ಅವರಿಗೆ?"

"ಏನಾಗಿತ್ತು ಅಂತ ನಿಮ್ಮ ಪೆಟ್ಟಿಗೆ ಸರಿಯಾಗೇ ಹೇಳ್ತು. ಒಂದು ಕೂದಲೆಳೆ ತಪ್ಪಿಲ್ಲ. ಬರ್ಕೊಳ್ಳಿ. ಹೇಳಿ ಅಲ್ಲೇ ಗೋಡೆ ಮೇಲೆ ಕೂತಿತ್ತು, ಇವನನ್ನ ಹೊತ್ಕೊಂಡು ಹೋಗ್ಲಿಲ್ಲ. ಅದನ್ನೂ ಬರ್ಕೊಳ್ಳಿ. ಆಮೇಲೆ ಗಾಡಿ ಹಿಂದಕ್ಕೆ ತಗೊಳ್ಳಿ."

"ಹಿಂದಕ್ಕೆ ಅಂದ್ರೆ... ಕೇಂದ್ರದವರೆಗೂ ತಿರುಗಿಸೋಕೆ ಜಾಗ ಇಲ್ಲವಲ್ಲಮ್ಮ."

"ಕೇಂದ್ರದವರೆಗೂ."

ಯಾರ ಅಪ್ಪಣೆಗೂ ಕಾಯದೆ ಕಾರಿನ ಡ್ರೈವರು ರಿವರ್ಸ್ ಗೇರು ಹಾಕಿ, ಕತ್ತು ಹಿಂದಕ್ಕೆ ತಿರುಗಿಸಿದ. ಕಾರು ಆಮೆಯಂತೆ ಹಿಂದಕ್ಕೆ ಸರಿಯಿತು. ಚಟ್ಟ ಅದರ ಮೂತಿಗೆ ಮೂತಿ ತಾಗಿಸುವಂತೆ ಮುಂದೆ ನಡೆಯಿತು. ಕಾರೊಳಗೆ ಕೂತವರ ಕಣ್ಣೆದುರು, ಗಾಜಿನಾಚೆ, ಅವನ ಎರಡು ಪಾದಗಳು ಕುಲುಕುತ್ತ ಬರುತ್ತಲೇ ಇದ್ದವು.