ನಮ್ಮ ಕಂಬದ ಕರೆಂಟು

ನನ್ನ ಗಂಡ ವೆಂಡೆಲ್ ಕೆಟ್ಟವನಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದಿನದನ್ನ ಕೇಳಿದ್ರೆ ನೀವು ಅವನಿಗೆ ಛೀಮಾರಿ ಹಾಕ್ತೀರಿ. ಹಾಕಿ, ನಾನೇನೂ ಬೇಡ ಅನ್ನಲ್ಲ. ನಾನೂ ಬೇಕಾದಷ್ಟು ಹಾಕಿದ್ದೀನಿ.

ಅವನಿಗೆ ಇರೋದು ಒಂದೇ ಹುಚ್ಚು, ಕೆನಡಾ. ನಮ್ಮ ಬಾಲ್ಕನಿಯಲ್ಲಿ ವರ್ಷಪೂರ್ತಿ ಬಾವುಟ. ಚಳಿಗೆ ಅದು ಸೆಟೆದು ಹಪ್ಪಳ ಆಗಿದ್ರೂ ಒಳಗೆ ತರೋ ಹಾಗಿಲ್ಲ. ಸಂಜೆ ಟೀವಿಯಲ್ಲಿ ಅಮೆರಿಕದ ಸುದ್ದಿ ಹಾಕ್ಕೊಂಡು ಕೂತ ಅಂದ್ರೆ ಮುಗೀತು. "ನೋಡಿದ್ಯಾ ಮ್ಯೂರಿಯಲ್, ಹೆಂಗೆ ಕಚ್ಚಾಡ್ತಾರೆ! ನಮ್ಮಲ್ಲಿ ಹಿಂಗಿದ್ಯಾ? ನಾವು ಕಷ್ಟಕ್ಕೆ ಆಗೋ ಜನ ಕಣೇ." ಅವನ ಅಜ್ಜ ಉಕ್ರೇನಿನಿಂದ ಬರಿಗೈಲಿ ಬಂದಾಗ ಪಕ್ಕದ ಹೊಲದವರು ಒಂದು ಹಸು ಕೊಟ್ಟಿದ್ರಂತೆ. ಮದುವೆಯಾದಾಗಿಂದ ಆ ಹಸುವಿನ ಕತೆ ಕೇಳ್ತಾ ಬಂದಿದ್ದೀನಿ. ಅದರ ಕೊಂಬು ಹೆಂಗಿತ್ತು, ಎಷ್ಟು ಹಾಲು ಕೊಡ್ತಿತ್ತು, ಎಲ್ಲಾ ಬಾಯಿಪಾಠ. ಮೂವತ್ತು ವರ್ಷದಲ್ಲಿ ಹಾಲೂ ಜಾಸ್ತಿ ಆಗಿದೆ.

ವಿನ್ನಿಪೆಗ್‌ನಲ್ಲಿ ನಮ್ಮದು ಮೂರಂತಸ್ತಿನ ಹಳೇ ಕಟ್ಟಡ. ಹಿಂದುಗಡೆ ಕಾರು ನಿಲ್ಲಿಸೋ ಜಾಗ, ಒಂದೊಂದು ಕಾರಿನ ಮುಂದೂ ಒಂದು ಕಂಬ, ಕಂಬದಲ್ಲಿ ಕರೆಂಟಿನ ಪ್ಲಗ್ಗು. ಜನವರಿಯಲ್ಲಿ ಸಂಜೆ ಮನೆಗೆ ಬಂದವರು ಕಾರಿನ ಮೂತಿಯಿಂದ ವೈರು ಎಳೆದು ಅದಕ್ಕೆ ಸಿಕ್ಕಿಸಿಯೇ ಒಳಗೆ ಬರೋದು. ರಾತ್ರಿಯೆಲ್ಲಾ ಹೀಟರ್ ಓಡಿ ಇಂಜಿನ್ನು ಬೆಚ್ಚಗಿರುತ್ತೆ. ಮರೆತ್ರೋ, ಬೆಳಿಗ್ಗೆ ಕಾರು ಕೆಮ್ಮೋದೂ ಇಲ್ಲ.

ನಮ್ಮ ಮೇಲಿನ ಮನೆ ರೋವೀನಾಳದ್ದು. ಫಿಲಿಪೀನ್ಸಿನವಳು, ವೃದ್ಧಾಶ್ರಮದಲ್ಲಿ ಮುದುಕರನ್ನ ನೋಡ್ಕೊಳ್ಳೋ ಕೆಲಸ. ನನ್ನನ್ನ ತೀತಾ ಅಂತಾಳೆ, ಅವರ ಕಡೆ ಚಿಕ್ಕಮ್ಮ ಅಂತ. ಅವಳ ಕಂಬದ ಪ್ಲಗ್ಗು ಕ್ರಿಸ್‌ಮಸ್‌ಗೆ ಮುಂಚೆಯೇ ಸತ್ತುಹೋಗಿತ್ತು. ಕಟ್ಟಡ ನೋಡ್ಕೊಳ್ಳೋವನು "ನೋಡೋಣ, ನೋಡೋಣ" ಅಂತ ಸಾಗಹಾಕ್ತಿದ್ದ. ನಮ್ಮ ಕಂಬದಲ್ಲಿ ಎರಡು ತೂತು, ನಾವು ಹಾಕೋದು ಒಂದಕ್ಕೆ. ಇನ್ನೊಂದಕ್ಕೆ ಅವಳು ಉದ್ದನೆ ವೈರು ಎಳೆದು ತನ್ನ ಕಾರಿಗೆ ಹಾಕ್ಕೊಂಡಳು. ಕೇಳಲಿಲ್ಲ, ಅದು ನಿಜ.

ವೆಂಡೆಲ್‌ಗೆ ಮೈಯೆಲ್ಲಾ ಉರಿದುಹೋಯ್ತು. "ಒಂದು ಮಾತು ಕೇಳಬಹುದಿತ್ತಲ್ಲ!"

"ಹಂಗಾದ್ರೆ ಹೋಗಿ ಹೇಳು, ಇದು ನಮ್ಮದಮ್ಮ ಅಂತ," ಅಂದೆ.

"ಛೆ, ಹಾಗೆಲ್ಲ ಮುಖಕ್ಕೆ ಹೊಡೆದಂಗೆ ಹೇಳೋಕಾಗುತ್ತಾ? ಪಾಪ, ಬೇಜಾರು ಮಾಡ್ಕೊಳ್ಳಲ್ವಾ?"

ಮೆಟ್ಟಿಲಲ್ಲಿ ಅವಳು ಎದುರು ಸಿಕ್ಕರೆ ಹಲ್ಲು ಕಿಸಿದು "ಏನು ಚಳಿ ಅಲ್ವಾ!" ಅಂತ ಬಾಗಿಲು ಹಿಡ್ಕೊಂಡು ನಿಲ್ಲೋನು. ಮನೆಯೊಳಗೆ ಬಂದ ತಕ್ಷಣ ಗೊಣಗಾಟ. ನಮ್ಮ ಊರಲ್ಲಿ ಇದಕ್ಕೆ ಸಭ್ಯತೆ ಅಂತಾರೆ. ನಾನೂ ಬಹಳ ಕಾಲ ಹಾಗೇ ಅಂದ್ಕೊಂಡಿದ್ದೆ.

ಆವತ್ತು ರೇಡಿಯೋದಲ್ಲಿ ರಾತ್ರಿ ಮೈನಸ್ ಮೂವತ್ತೇಳಕ್ಕೆ ಇಳಿಯುತ್ತೆ ಅಂದ್ರು. ಊಟ ಆದಮೇಲೆ ವೆಂಡೆಲ್ ಕಸದ ಚೀಲ ಹಿಡ್ಕೊಂಡು ಕೆಳಗಿಳಿದ. ನಾನು ಅಡುಗೆಮನೆ ಕಿಟಕಿಯಿಂದ ನೋಡ್ತಿದ್ದೆ. ಕಸ ಹಾಕಿದವನು ನೇರ ಬರಲಿಲ್ಲ. ನಮ್ಮ ಕಂಬದ ಹತ್ರ ಬಗ್ಗಿದ, ಅವಳ ವೈರು ಕಿತ್ತ, ಸುತ್ತಿ ಸುತ್ತಿ ಅವಳ ಕಾರಿನ ಕನ್ನಡಿಗೆ ನೇತುಹಾಕಿ ಬಂದ.

"ಕಿತ್ತೆಯಾ?"

"ಎರಡು ಕಾರು ಒಂದೇ ಕಂಬಕ್ಕೆ ಹಾಕಿದ್ರೆ ಫ್ಯೂಸ್ ಹೋಗುತ್ತೆ ಕಣೇ. ತಾನಾಗೇ ಅರ್ಥ ಮಾಡ್ಕೋತಾಳೆ ಬಿಡು."

"ಈ ಚಳೀಲಿ? ಹೋಗಿ ಹಾಕಿ ಬಾ."

"ಅಷ್ಟು ಕನಿಕರ ಇದ್ರೆ ನೀನೇ ಹೋಗು."

ಹೋಗಬಹುದಿತ್ತು. ಬೂಟು, ಕೋಟು, ಟೋಪಿ, ಕೈಗವಸು ಎಲ್ಲಾ ಹಾಕ್ಕೋಬೇಕು. ಆಗಷ್ಟೇ ಟೀ ಬಗ್ಗಿಸಿದ್ದೆ. ಕುಡಿದು ಮಲಗಿದೆ.

ಬೆಳಿಗ್ಗೆ ಬಾಗಿಲು ದಬದಬ ಬಡಿದ ಶಬ್ದ. ತೆಗೆದು ನೋಡಿದ್ರೆ ರೋವೀನಾ. ಇಸ್ತ್ರಿ ಹಾಕಿದ ಬಿಳಿ ಬ್ಲೌಸು, ಕುತ್ತಿಗೆಗೆ ಕೆಂಪು ಶಾಲು, ತುಟಿಗೆ ಬಣ್ಣ. ಕಣ್ಣಲ್ಲಿ ಧಾರಾಕಾರ ನೀರು.

"ತೀತಾ, ಕಾರು ಸ್ಟಾರ್ಟೇ ಆಗ್ತಿಲ್ಲ. ಟ್ಯಾಕ್ಸಿ ಬರೋಕೆ ಎರಡು ಗಂಟೆ ಆಗುತ್ತಂತೆ. ಇವತ್ತು ನನ್ನ ಪ್ರಮಾಣವಚನ ತೀತಾ! ಒಂಬತ್ತಕ್ಕೆ ಅಲ್ಲಿಲ್ಲದಿದ್ರೆ ಹೆಸರು ತೆಗೆದುಬಿಡ್ತಾರೆ. ಮತ್ತೆ ಯಾವಾಗ ಕರೀತಾರೋ ಏನೋ. ಇಷ್ಟು ವರ್ಷ ಕಾದಿದ್ದೀನಿ."

ಈ ದೇಶದ ಪ್ರಜೆ ಆಗೋ ದಿನ ಅವಳದ್ದು. ನಮಗೆ ಗೊತ್ತಿರಲಿಲ್ಲ. ಕೇಳಿದ್ರೆ ತಾನೇ ಗೊತ್ತಾಗೋದು?

ನಾನು ತಿರುಗಿ ವೆಂಡೆಲ್ ಮುಖ ನೋಡಿದೆ. ಕಿವಿ ಎರಡೂ ಕೆಂಪಗಾಗಿದ್ವು. ಈಗ ಹೇಳ್ತಾನೆ ಅಂದ್ಕೊಂಡೆ. ಹೇಳಿದ್ದೇನು ಗೊತ್ತಾ? "ಈ ಹಾಳು ಚಳಿಗೆ ಯಾವ ಕಾರು ತಾನೇ ಸ್ಟಾರ್ಟ್ ಆಗುತ್ತೆ! ನಡೀರಿ ನಡೀರಿ, ನಾನಿದ್ದೀನಿ." ಕುಡೀತಿದ್ದ ಕಾಫಿ ಅಲ್ಲೇ ಬಿಟ್ಟು ಬೂಟಿಗೆ ಕಾಲು ತೂರಿಸಿದ. ನಾನೂ ಕೋಟು ಹಾಕ್ಕೊಂಡು ಹಿಂದೆ ಹೊರಟೆ, ಮನೇಲಿ ಕೂರೋಕೆ ಆಗ್ತಿರಲಿಲ್ಲ.

ನಮ್ಮ ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯ್ತು. ಆಗದೇ ಏನು, ರಾತ್ರಿಯೆಲ್ಲಾ ಕರೆಂಟು ಕುಡಿದಿದೆ. ಹಿಮ ಗಟ್ಟಿಯಾದ ರಸ್ತೆಯಲ್ಲಿ ಜಾರಿಕೊಂಡು, ಹಾರ್ನ್ ಹೊಡ್ಕೊಂಡು ವೆಂಡೆಲ್ ಓಡಿಸಿದ. ದಾರಿಯುದ್ದಕ್ಕೂ ಅವಳಿಗೆ ಅಜ್ಜನ ಹಸುವಿನ ಕತೆ! "ನಾವು ಕೆನಡಾದವರು ಹಾಗೇನೇ ಅಮ್ಮ, ಪಕ್ಕದವರ ಕಷ್ಟ ನೋಡ್ಕೊಂಡು ಕೂರಲ್ಲ." ನನಗೆ ಅವನ ತೊಡೆ ಜಿಗುಟಬೇಕು ಅನ್ನಿಸ್ತು. ರೋವೀನಾ ಹಿಂದೆ ಕೂತು ಕಣ್ಣೊರೆಸ್ಕೊಂಡು "ಹೌದು ಸರ್, ಹೌದು ಸರ್" ಅಂತಿದ್ದಳು.

ಬಾಗಿಲು ಮುಚ್ಚೋಕೆ ಮುಂಚೆ ಒಳಗೆ ಸೇರಿಸಿದ್ವಿ.

ಸಭಾಂಗಣದ ತುಂಬಾ ಜನ. ಸೀರೆಯವರು, ರುಮಾಲಿನವರು, ಸೂಟಿನವರು, ಕಂಕುಳಲ್ಲಿ ಮಕ್ಕಳು. ನ್ಯಾಯಾಧೀಶೆ ಕಪ್ಪು ಗೌನಿನಲ್ಲಿ ಬಂದು ಎಲ್ಲರ ಬಲಗೈ ಎತ್ತಿಸಿ ಪ್ರಮಾಣ ಹೇಳಿಸಿದರು. ಇಂಗ್ಲಿಷಿನಲ್ಲಿ ಎಲ್ಲರ ಗಂಟಲೂ ಕೇಳಿಸ್ತು. ಈ ದೇಶದ ಇನ್ನೊಂದು ಭಾಷೆ ಫ್ರೆಂಚ್ ಬಂದಾಗ ಅರ್ಧ ಜನ ಬರೀ ತುಟಿ ಆಡಿಸಿದ್ರು. ನಾನು ಹುಟ್ಟಾ ಕೆನಡಾದವಳಾದ್ರೂ ನನ್ನದೂ ಅಷ್ಟೇ. ರಾಷ್ಟ್ರಗೀತೆ ಆಯ್ತು. ವೆಂಡೆಲ್ ಎದೆಯುಬ್ಬಿಸಿ ಎಲ್ಲರಿಗಿಂತ ಜೋರಾಗಿ ಹಾಡಿದ.

ಕೊನೆಗೆ ನ್ಯಾಯಾಧೀಶೆ, "ಯಾರಾದ್ರೂ ಎರಡು ಮಾತು ಆಡ್ತೀರಾ?" ಅಂತ ಕೇಳಿದರು. ರೋವೀನಾ ಎದ್ದಳು.

"ಇವತ್ತು ಬೆಳಿಗ್ಗೆ ನನ್ನ ಕಾರು ಕೈಕೊಟ್ಟಿತು," ಅಂದಳು. "ನನ್ನ ಕೆಳಗಿನ ಮನೆಯವರು ಕಾಫಿ ಅರ್ಧಕ್ಕೇ ಬಿಟ್ಟು ನನ್ನನ್ನ ಕರ್ಕೊಂಡು ಬಂದ್ರು. ಅವರಿಲ್ಲದಿದ್ರೆ ನಾನು ಇವತ್ತು ಇಲ್ಲಿ ಇರ್ತಿರಲಿಲ್ಲ. ಇಂಥವರ ದೇಶ ಇನ್ನು ಮೇಲೆ ನಂದೂನೂ."

ಚಪ್ಪಾಳೆ. "ಅವರು ಎಲ್ಲಿದ್ದಾರೆ? ದಯವಿಟ್ಟು ಎದ್ದು ನಿಲ್ಲಿ," ಅಂದರು ನ್ಯಾಯಾಧೀಶೆ. ನಾನು ವೆಂಡೆಲ್ ತೋಳು ಹಿಡಿದು, "ಕೂತ್ಕೋ, ಏಳಬೇಡ," ಅಂದೆ. ಎದ್ದ. ಅಯ್ಯೋ ದೇವರೇ, ಎದ್ದೇ ಬಿಟ್ಟ. ಟೋಪಿ ತೆಗೆದು ಎದೆಗೆ ಒತ್ತಿಕೊಂಡು, "ಇದೇನು ದೊಡ್ಡದಲ್ಲ, ನನ್ನ ಜಾಗದಲ್ಲಿ ಯಾರಿದ್ರೂ ಇದನ್ನೇ ಮಾಡ್ತಿದ್ರು," ಅಂದ. ಮತ್ತೆ ಚಪ್ಪಾಳೆ. ಅವನ ಕಣ್ಣಲ್ಲಿ ನಿಜವಾಗ್ಲೂ ನೀರು ಬಂದಿತ್ತು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು ನನಗೆ. ಪಕ್ಕದಲ್ಲಿ ಕೂತಿದ್ದ ಯಾವುದೋ ದೇಶದ ಅಜ್ಜಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು, ಇಂಥ ಪುಣ್ಯಾತ್ಮನ ಹೆಂಡತಿ ಅಂತ. ನಾನು ಕೈ ಬಿಡಿಸ್ಕೊಳ್ಳಲಿಲ್ಲ. ನಕ್ಕೆ.

ವಾಪಸು ಬರುವಾಗ ವೆಂಡೆಲ್ ಒಬ್ಬನೇ ಸಿಳ್ಳೆ ಹಾಕ್ತಿದ್ದ. ಕಟ್ಟಡದ ಹಿಂದೆ ಇಳಿದ್ವಿ. ರೋವೀನಾ ತನ್ನ ಹೆಪ್ಪುಗಟ್ಟಿದ ಕಾರಿನ ಕಡೆ ಒಂದು ಸಲ ನೋಡಿದಳು, ಆಮೇಲೆ ನಮ್ಮ ಕಂಬದ ಕಡೆ.

"ಸರ್," ಅಂದಳು, "ನಿಮ್ಮ ಕಂಬಕ್ಕೆ ವೈರು ಹಾಕೋ ಮುಂಚೆ ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ನಂದೇ ತಪ್ಪು. ಸಾರಿ."

ಸಿಳ್ಳೆ ನಿಂತಿತು. ವೆಂಡೆಲ್ ಬೂಟಿನಿಂದ ಹಿಮ ಕೆದಕಿದ. ಆಮೇಲೆ ಹೇಳಿದ, "ಪರವಾಗಿಲ್ಲ. ಪರವಾಗಿಲ್ಲ ಬಿಡಿ."

ನನಗೆ ತಡೆಯೋಕಾಗಲಿಲ್ಲ. "ಪರವಾಗಿಲ್ಲವಾ? ಅವಳು ಕ್ಷಮೆ ಕೇಳೋದು, ನೀನು ದೊಡ್ಡ ಮನಸ್ಸು ಮಾಡಿ ಕ್ಷಮಿಸೋದಾ? ಮಾನ ಮರ್ಯಾದೆ ಇದ್ಯೇನೋ ನಿಂಗೆ? ಆ ಸಭೇಲಿ ಎದ್ದು ನಿಂತ್ಯಲ್ಲ, ಕಾಲು ಹೆಂಗೆ ಬಂತೋ! ರೋವೀನಾ, ಕೇಳಮ್ಮ, ನಿನ್ನೆ ಸಂಜೆ ಇವನು..."

ಅವಳು ನನ್ನ ತೋಳಿನ ಮೇಲೆ ಕೈಯಿಟ್ಟಳು.

"ತೀತಾ, ಬೇಡ. ವೈರು ಕನ್ನಡಿಗೆ ನೇತಾಡ್ತಿತ್ತಲ್ಲ, ನಿಮ್ಮ ಬಾಗಿಲು ತಟ್ಟುವಾಗಲೇ ಗೊತ್ತಿತ್ತು ನಂಗೆ. ಇನ್ಯಾರ ಬಾಗಿಲು ತಟ್ಟಲಿ, ಈ ಕಟ್ಟಡದಲ್ಲಿ ನಂಗೆ ಇನ್ಯಾರು ಗೊತ್ತು? ಅಲ್ಲಿ ಎಲ್ಲರ ಮುಂದೆ ಒಂದು ಮಾತು ಹೇಳಿದ್ದೀನಿ. ಇವತ್ತೊಂದು ದಿನ ಅದು ನಿಜ ಆಗಿರಲಿ."

ಹಾಗಂದು ಸರಸರ ಮೆಟ್ಟಿಲು ಹತ್ತಿ ಹೋದಳು. ವೆಂಡೆಲ್ ನನ್ನ ಮುಖ ನೋಡಲಾರದೆ ಕಾರಿನ ಗಾಜು ಒರೆಸೋ ನಾಟಕ ಆಡ್ತಿದ್ದ. ನಾನು ಬಾಯಿ ಮುಚ್ಚಿಕೊಂಡೆ. ಅವಳ ದಿನ ಹಾಳಾಗದಿರಲಿ ಅಂತ ಮುಚ್ಚಿದೆ ಅಂತ ಹೇಳಬಹುದು, ಹೇಳಿದ್ರೆ ನೀವು ನಂಬ್ತೀರಿ ಕೂಡ. ಆದ್ರೆ ಇನ್ನೊಂದು ಮಾತು ಆಡಿದ್ದಿದ್ರೆ, ನಾನೂ ನೋಡ್ತಿದ್ದೆ ಕಣಮ್ಮ, ಕೆಳಗಿಳಿಯೋಕೆ ಬೇಜಾರಾಗಿ ಸುಮ್ಮನಾದೆ ಅನ್ನೋದನ್ನೂ ಹೇಳಬೇಕಾಗ್ತಿತ್ತು. ಅವಳು ಬೇಡ ಅಂದಾಗ ನನ್ನ ಮನಸ್ಸಿಗೆ ಮೊದಲು ಬಂದಿದ್ದು ಒಂದೇ: ಸದ್ಯ, ಬಚಾವಾದೆ.