ಹರಿದ ಪೊರೆ

ನಾನು ಜಾವಾ ದ್ವೀಪದ ಒಂದು ಕೊಲುಗೊ. ತೆಂಗಿನ ತೋಟವೊಂದರಲ್ಲಿ, ತಲೆಕೆಳಗಾಗಿ ನೇತಾಡುತ್ತಿದ್ದ ಅಮ್ಮನ ಮಡಿಲಲ್ಲಿ ಕಣ್ಣುಬಿಟ್ಟೆ. ಗಾತ್ರದಲ್ಲಿ ಬೆಕ್ಕಿನಷ್ಟಿದ್ದೇನೆ. ಮೈಬಣ್ಣ ಪಾಚಿ ಹಿಡಿದ ತೊಗಟೆಯದು, ಕಣ್ಣು ಮಾತ್ರ ಮುಖಕ್ಕೆ ಮೀರಿದ್ದು. ಕುತ್ತಿಗೆಯಿಂದ ಬೆರಳ ತುದಿಗೆ, ಅಲ್ಲಿಂದ ಬಾಲದ ತುದಿಯವರೆಗೆ ತೆಳುವಾದ ಪೊರೆಯಿದೆ. ಅದನ್ನು ಹರಡಿ ಜಿಗಿದರೆ ಗಾಳಿಯೇ ನನ್ನನ್ನು ಮುಂದಿನ ಮರಕ್ಕೆ ಒಯ್ಯುತ್ತದೆ. ನೆಲದ ಮೇಲೆ ಮಾತ್ರ ನೆಟ್ಟಗೆ ನಿಲ್ಲಲೂ ಬಾರದು.

ಅಂಥ ನೆಲಕ್ಕೆ ಒಮ್ಮೆ ಬಿದ್ದೆ. ತೋಟದ ಒಡೆಯ ಕಾರ್ಸಾ ಒಂದು ಹಳೆಯ ತೆಂಗನ್ನು ಕಡಿದ. ನಾನು ನನ್ನ ಎಳೆ ಮರಿಯನ್ನು ಅಪ್ಪಿಕೊಂಡು ಅದರಲ್ಲೇ ಮಲಗಿದ್ದೆ. ಬೀಳುವಾಗ ಮುರಿದ ಗರಿಯ ದಂಟು ಬಡಿದು ನನ್ನ ಬಲಗಡೆಯ ಪೊರೆ ಹರಿಯಿತು.

"ಹೊಂಬಾಳೆ ತಿನ್ನೋ ಕಳ್ಳಿ ಇದೇ," ಎಂದು ಕಾರ್ಸಾ ದೊಣ್ಣೆ ಎತ್ತಿದ.

ಅವನ ಹೆಂಡತಿ ಸುಮಿನಿ ಅಡ್ಡ ಬಂದಳು. "ತಡೀರಿ. ಹೊಟ್ಟೆಗೆ ಮರಿ ಕಚ್ಕೊಂಡಿದೆ."

"ದೊಡ್ಡದಾದ್ರೆ ಅದೂ ತಿನ್ನತ್ತೆ."

"ತಿನ್ನಲಿ. ನನ್ನ ಕಣ್ಣೆದುರಿಗೆ ಬಾಣಂತೀನ ಹೊಡೀಬೇಡಿ."

ಅವಳು ಬಟ್ಟೆ ಹಾಕಿ ನನ್ನನ್ನು ಎತ್ತಿಕೊಂಡಳು. ಹೆದರಿಕೆಯಲ್ಲಿ ನಾನು ಅವಳ ಮಣಿಕಟ್ಟು ಕಚ್ಚಿದೆ. ಆದರೂ ಅವಳು ಕೈಬಿಡಲಿಲ್ಲ. ಹಿತ್ತಲ ಹಲಸಿನ ಮರಕ್ಕೆ ಒರಗಿಸಿ, "ಹತ್ತು ತಾಯಿ," ಎಂದಳು.

ಹತ್ತಿದೆ. ಗಾಯ ಮಾಯಿತು, ಹರಿದದ್ದು ಕೂಡಲಿಲ್ಲ. ಮೊದಲ ಸಲ ಜಿಗಿದಾಗ ಬಲಕ್ಕೆ ವಾಲಿ ಬಾಳೆಯ ಗುಂಪಿಗೆ ಬಿದ್ದೆ. ತೆವಳಿಕೊಂಡು ಬಂದು ಮತ್ತೆ ಹತ್ತಿದೆ. ಎಡಗಾಲನ್ನು ತುಸು ಮಡಚಿದರೆ ನೇರಕ್ಕೆ ಹೋಗಬಹುದೆಂದು ಬಿದ್ದು ಬಿದ್ದೇ ಕಲಿತೆ. ನೆಲಕ್ಕೆ ಬಿದ್ದ ನನ್ನನ್ನು ಹಿಡಿಯದಿರಲೆಂದು ಸಂಜೆಯಾದರೆ ಸುಮಿನಿ ಮನೆಯ ನಾಯಿಯನ್ನು ಕಟ್ಟಿಹಾಕುತ್ತಿದ್ದಳು.

ಆದರೆ ಹಿತ್ತಲಿನ ಚಿಗುರು ಮುಗಿಯುತ್ತ ಬಂತು. ಕಾಡು ಇದ್ದದ್ದು ಹಳ್ಳದಾಚೆ. ಮರಿ ದಿನದಿಂದ ದಿನಕ್ಕೆ ಭಾರವಾಗುತ್ತಿತ್ತು. ಕಾದಷ್ಟೂ ನನಗೇ ಕಷ್ಟ.

ಒಂದು ಮುಸ್ಸಂಜೆ ಹಲಸಿನ ತುತ್ತತುದಿಗೆ ಹೋಗಿ ಹಳ್ಳದತ್ತ ಜಿಗಿದೆ. ಕೆಳಗೆ ಕಾರ್ಸಾ, "ನೀರಿಗೆ ಬೀಳತ್ತೆ ನೋಡು," ಎಂದದ್ದು ಕೇಳಿಸಿತು. ನಿಜವಾಗಿಯೂ ಇಳಿಯುತ್ತಲೇ ಹೋದೆ. ಬಾಲಕ್ಕೆ ನೀರು ತಾಗಿತು. ಆಗ ಆಚೆ ದಡದ ಮರದ ಬುಡ ಉಗುರಿಗೆ ಸಿಕ್ಕಿತು. ಮರಿ ಹೊಟ್ಟೆಗೆ ಅಂಟಿಕೊಂಡೇ ಇತ್ತು.

"ದಾಟಿತಲ್ಲ," ಎಂದ ಕಾರ್ಸಾ, ಮೆಲ್ಲಗೆ.

ಈಗ ನನಗೆ ವಯಸ್ಸಾಗಿದೆ. ಅಂದಿನ ಆ ಮರಿ, ನನ್ನ ಮಗಳು, ತನ್ನ ಮರಿಯೊಂದಿಗೆ ಬೆಟ್ಟದ ಮೇಲಿನ ಮರಗಳಿಗೆ ಹೋದಳು. ನಮ್ಮ ಜಾತಿಗೆ ಮೇಲೇರುವ ಹಾರಾಟ ಗೊತ್ತಿಲ್ಲ. ಪ್ರತಿ ಜಿಗಿತವೂ ಹೊರಟ ಎತ್ತರಕ್ಕಿಂತ ಕೆಳಗೇ ಇಳಿಸುತ್ತದೆ. ನೋಡಿದವರು ಹಾರುವ ಪ್ರಾಣಿ ಎನ್ನುತ್ತಾರೆ. ನನ್ನ ಬಾಳೆಲ್ಲ ಕಳೆದದ್ದು ಹತ್ತುವುದರಲ್ಲಿ. ಇವತ್ತೂ ಚಿಗುರಿರುವುದು ಮೇಲಿನ ಕೊಂಬೆಯಲ್ಲಿ. ಹೊರಟಿದ್ದೇನೆ.